ಘಟ್ಟ ಇಳಿದ ಭಾರ

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬಾಂಬೆಯ ಹತ್ತಿ ಪೇಟೆಯಲ್ಲೂ ಲಿವರ್‌ಪೂಲಿನ ದಲ್ಲಾಳಿಗಳ ನಡುವೆಯೂ ‘ಕುಮಟಾ’ ಎಂದರೆ ಒಂದು ಹತ್ತಿಯ ಹೆಸರು. ಆದರೆ ಕುಮಟಾದ ಮಣ್ಣಿನಲ್ಲಿ ಆ ಹತ್ತಿ ಬೆಳೆದದ್ದೇ ಇಲ್ಲ. ವರ್ಷದ ನಾಲ್ಕು ತಿಂಗಳು ಮಳೆ ಸುರಿಯುವ ಆ ಕರಾವಳಿಯಲ್ಲಿ ಅದು ಬೆಳೆಯುವುದೂ ಸಾಧ್ಯವಿರಲಿಲ್ಲ. ಬೆಳೆದದ್ದು ಧಾರವಾಡ, ಹುಬ್ಬಳ್ಳಿ, ನವಲಗುಂದ, ಗದಗ ಸೀಮೆಯ ಎರೆಹೊಲಗಳಲ್ಲಿ. ಎತ್ತಿನ ಮೇಲೆ, ಆಮೇಲೆ ಎತ್ತಿನ ಗಾಡಿಯ ಮೇಲೆ ಸಹ್ಯಾದ್ರಿ ಇಳಿದು ಕುಮಟಾ ಬಂದರಿನಲ್ಲಿ ಹಡಗು ಹತ್ತಿದ್ದರಿಂದ ಅದು ಬಂದರಿನ ಹೆಸರು ಹೊತ್ತಿತು. ಹೊಲದ ಹೆಸರನ್ನು ದಾರಿ ನುಂಗಿತು ಎನ್ನಬೇಕು.

ಆ ದಾರಿಯ ಕಥೆಯನ್ನು ಹತ್ತಿಯ ಬೆಲೆಯಿಂದ, ಬ್ರಿಟಿಷರ ಆಡಳಿತದಿಂದ ಹೇಳುವವರು ಇದ್ದಾರೆ. ತೂಕದಿಂದ ಹೇಳಿದವರು ಕಡಿಮೆ. ಒಂದು ಜೊತೆ ಎತ್ತು ಎಷ್ಟು ಭಾರವನ್ನು ಅಪಾಯವಿಲ್ಲದೆ ಎಳೆದು ತರಬಲ್ಲುದು ಎಂಬ ಪ್ರಶ್ನೆಯೇ ಭಟ್ಕಳ, ಹೊನ್ನಾವರ, ಕುಮಟಾ ಈ ಮೂರೂ ಊರುಗಳ ಏಳುಬೀಳನ್ನು ಬಹುಮಟ್ಟಿಗೆ ತೀರ್ಮಾನಿಸಿತು. ಮೂರೂ ಕಡೆ ಸಮುದ್ರದ ಬೆನ್ನಿಗೇ ಘಟ್ಟ. ಶಿರಸಿ, ತಾಳಗುಪ್ಪ, ಸಾಗರದ ಸೀಮೆ ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರದಲ್ಲಿದೆ. ಬಂದರಿಗೆ ಬರುವ ಪ್ರತಿಯೊಂದು ಮೂಟೆಯೂ ಈ 600 ಮೀಟರ್ ಇಳಿಯಲೇಬೇಕು.

ಮೊದಲು ಭಟ್ಕಳ. ವಿಜಯನಗರದ ಕಾಲದಲ್ಲಿ ಅರಬ್ಬೀ ಕುದುರೆಗಳು ಇಳಿಯುತ್ತಿದ್ದ ಮುಖ್ಯ ಬಂದರುಗಳಲ್ಲಿ ಅದೂ ಒಂದು. ಅಲ್ಲಿಂದ ಅಕ್ಕಿ, ಸಕ್ಕರೆ, ಕಬ್ಬಿಣ ಹೊರಗೆ ಹೋಗುತ್ತಿದ್ದವು. 1502ರಲ್ಲಿ ವಾಸ್ಕೊ ಡ ಗಾಮನ ಹಡಗುಗಳು ಬಂದು ಊರಿನ ಮೇಲೆ ಅಕ್ಕಿಯ ಕಪ್ಪ ಹೇರಿದ್ದು ಇದೇ ವ್ಯಾಪಾರದ ಮೇಲೆ ಕಣ್ಣಿಟ್ಟು. ಸುಮಾರು 1520ರಲ್ಲಿ ಕೃಷ್ಣದೇವರಾಯನ ರಾಜಧಾನಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಭಟ್ಕಳಕ್ಕೆ ವರ್ಷಕ್ಕೆ ಐದಾರು ಸಾವಿರ ಹೇರೆತ್ತುಗಳು ಬರುತ್ತವೆ ಎಂದು ಬರೆದಿಟ್ಟಿದ್ದಾನೆ. ಅವನು ಗಾಡಿಗಳ ಲೆಕ್ಕ ಕೊಡುವುದಿಲ್ಲ, ಎತ್ತುಗಳ ಲೆಕ್ಕ ಕೊಡುತ್ತಾನೆ. ಆ ಕಾಡುದಾರಿಯಲ್ಲಿ ಭಾರ ಸಾಗುತ್ತಿದ್ದದ್ದು ಎತ್ತಿನ ಬೆನ್ನಿನ ಮೇಲೆಯೇ.

ಒಂದು ಹೇರೆತ್ತು ದೂರದ ದಾರಿಗೆ ಹೊರುತ್ತಿದ್ದದ್ದು ಹೆಚ್ಚುಕಡಿಮೆ ನೂರು ಕಿಲೋ, ಎರಡು ಪಕ್ಕಕ್ಕೆ ಸಮನಾಗಿ ಹಂಚಿದ ಎರಡು ಚೀಲ. ಐದು ಸಾವಿರ ಎತ್ತು ಎಂದರೆ ಒಂದು ಸಲಕ್ಕೆ 500 ಟನ್. ಇಂದು ಭಟ್ಕಳದ ಹೆದ್ದಾರಿಯಲ್ಲಿ ಓಡುವ ಹತ್ತು ಗಾಲಿಯ ಲಾರಿಗಳಲ್ಲಿ ಮೂವತ್ತಕ್ಕಿಂತ ಕಡಿಮೆ ಲಾರಿಗಳು ಅಷ್ಟನ್ನು ಹೊತ್ತುಬಿಡುತ್ತವೆ. ಈ ಲೆಕ್ಕದಿಂದ ಆ ವ್ಯಾಪಾರ ಸಣ್ಣದೆಂದು ತೋರಬಹುದು, ಆದರೆ ಹಾಗೆ ಎಣಿಸುವುದು ತಪ್ಪು. ಹೇರೆತ್ತಿಗೆ ರಸ್ತೆ ಬೇಡ, ಸೇತುವೆ ಬೇಡ, ಕಾಲುದಾರಿ ಸಾಕು. ಮೇವು ದಾರಿಯಲ್ಲೇ ಸಿಗುತ್ತದೆ. ಒಬ್ಬ ಆಳು ಇಪ್ಪತ್ತು ಮೂವತ್ತು ಎತ್ತುಗಳನ್ನು ಹೊಡೆದುಕೊಂಡು ಹೋಗಬಲ್ಲ. ಎಲ್ಲಕ್ಕಿಂತ ಮುಖ್ಯ, ಇಳಿಜಾರಿನಲ್ಲಿ ಹಿಂದಿನಿಂದ ತಳ್ಳುವ ಗಾಡಿ ಅದಕ್ಕಿಲ್ಲ. ಬೆನ್ನಿನ ಭಾರ ನಾಲ್ಕು ಕಾಲಿನ ಮೇಲೇ ಇರುತ್ತದೆ. ಲಂಬಾಣಿಗರ ಎತ್ತಿನ ಸಾಲುಗಳು ಶತಮಾನಗಳ ಕಾಲ ಘಟ್ಟದ ಮೇಲಿನ ಧಾನ್ಯವನ್ನೂ ಕೆಳಗಿನ ಉಪ್ಪನ್ನೂ ಅದಲುಬದಲು ಮಾಡುತ್ತ ಬಾಳಿದ್ದು ಈ ಬಲದಿಂದ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪು ಬಯಲುಸೀಮೆಯ ಅಡಿಗೆಮನೆ ಸೇರಿದ್ದು ಹೀಗೆ.

1565ರಲ್ಲಿ ವಿಜಯನಗರ ಬಿದ್ದ ಮೇಲೆ ಭಟ್ಕಳದ ಎತ್ತಿನ ಸಾಲು ತೆಳುವಾಯಿತು. ಹೊನ್ನಾವರಕ್ಕೆ ಬೇರೆಯೇ ಅನುಕೂಲವಿತ್ತು, ಶರಾವತಿ. ಗೇರುಸೊಪ್ಪೆಯವರೆಗೆ ದೋಣಿ ಸಾಗುತ್ತದೆ. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಸಿರಿಗೆ ಕಾಡಿನ ಮೆಣಸು ಎಷ್ಟು ಕಾರಣವೋ ಈ ನೀರಿನ ದಾರಿಯೂ ಅಷ್ಟೇ ಕಾರಣ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಘಟ್ಟದ ಮೇಲಿನ ಇಕ್ಕೇರಿಗೆ ಹೊರಟಾಗ ಹೊನ್ನಾವರದಿಂದ ಗೇರುಸೊಪ್ಪೆಗೆ ದೋಣಿಯಲ್ಲಿ ಹೋಗಿ, ಅಲ್ಲಿಂದಾಚೆಗೆ ಘಟ್ಟ ಹತ್ತಿದ. ದೋಣಿಗೆ ಭಾರದ ಲೆಕ್ಕ ಸುಲಭ, ಅಂಚು ನೀರಿಗೆ ತಾಗದಿದ್ದರೆ ಸಾಕು. ಗೇರುಸೊಪ್ಪೆಯಲ್ಲಿ ದೋಣಿ ನಿಂತ ಕೂಡಲೇ ಮತ್ತೆ ಅದೇ ಎತ್ತು, ಅದೇ ಏರು.

ಗಾಲಿ ಬಂದದ್ದು ಹತ್ತಿಯ ಕಾರಣಕ್ಕೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೆನರಾ ಕಂಪನಿಯ ಕೈಸೇರಿ ಮದರಾಸು ಪ್ರಾಂತಕ್ಕೆ ಹೋಯಿತು. ಧಾರವಾಡ ಮುಂದೆ ಬಾಂಬೆ ಪ್ರಾಂತಕ್ಕೆ ಸೇರಿತು. 1840ರ ದಶಕದಲ್ಲಿ ಅಮೆರಿಕದಿಂದ ಬಂದ ತೋಟಗಾರರು ಧಾರವಾಡ ಸೀಮೆಯಲ್ಲಿ ನ್ಯೂ ಆರ್ಲಿಯನ್ಸ್ ಬೀಜ ಬಿತ್ತಿ ನೋಡಿದರು. ಕಲೆಕ್ಟರ್ ಶಾ ಅದಕ್ಕೆ ಒತ್ತಾಸೆಯಾಗಿ ನಿಂತರು. ಬೀಜ ಹತ್ತಿತು. ನಾಡತಳಿಯ ಬೆಳೆಯೂ ಹೆಚ್ಚಿತು. ಆದರೆ ಹತ್ತಿ ಬೆಳೆಯುವ ನೆಲ ಒಂದು ಸರ್ಕಾರದ್ದು, ಅದು ಇಳಿಯುವ ಘಟ್ಟ ಇನ್ನೊಂದು ಸರ್ಕಾರದ್ದು. ಬಾಂಬೆಯ ಹತ್ತಿಗಾಗಿ ಮದರಾಸಿನವರು ತಮ್ಮ ಹಣದಲ್ಲಿ ಬೆಟ್ಟ ಕಡಿಯಲು ಅವಸರಪಡಲಿಲ್ಲ. ಉತ್ತರ ಕನ್ನಡ 1862ರಲ್ಲಿ ಬಾಂಬೆ ಪ್ರಾಂತಕ್ಕೆ ಸೇರಿದ್ದರ ಹಿಂದೆ ಈ ಒತ್ತಡವೇ ದೊಡ್ಡದು.

ಹತ್ತಿಯವನಿಗೆ ಇನ್ನೊಂದು ಸಂಕಟವಿತ್ತು, ಕಾಲದ್ದು. ಎರೆಹೊಲದ ಹತ್ತಿ ಬಿಡಿಸುವುದು ಬೇಸಿಗೆಯಲ್ಲಿ. ಜೂನ್ ಹೊತ್ತಿಗೆ ಮುಂಗಾರು ಅಪ್ಪಳಿಸಿ ಪಡುವಣ ಕಡಲಿನ ಬಂದರುಗಳು ಮುಚ್ಚುತ್ತವೆ. ನಡುವೆ ಸಿಗುವ ವಾರಗಳಲ್ಲೇ ಅರಳೆ ಬೇರೆ ಮಾಡಿ, ಅಂಡಿಗೆ ಕಟ್ಟಿ, ಗಾಡಿಗೆ ಹೇರಿ, ಘಟ್ಟ ಇಳಿಸಿ, ಬಾಂಬೆಗೆ ಹೋಗುವ ಹಾಯಿಹಡಗಿಗೆ ಏರಿಸಬೇಕು. ತಡವಾದರೆ ಹತ್ತಿ ನೆನೆಯುತ್ತದೆ, ಇಲ್ಲವೇ ನಾಲ್ಕು ತಿಂಗಳು ಗೋದಾಮಿನಲ್ಲಿ ಕೊಳೆಯುತ್ತದೆ. ಅಳತೆಗಿಂತ ಹೆಚ್ಚು ಹೇರುವ ಆಸೆ ಹುಟ್ಟುವುದೇ ಇಂಥ ಅವಸರದಲ್ಲಿ.

ಎಷ್ಟು ಹೇರಬಹುದಿತ್ತು? ಲೆಕ್ಕ ಹಾಕಿ ನೋಡಬಹುದು. ತಲಾ 400 ಕಿಲೋ ತೂಗುವ ಒಳ್ಳೆಯ ಜೋಡಿ ಎತ್ತು ದಿನವಿಡೀ ಸೋಲದೆ ಎಳೆಯಬಲ್ಲ ಬಲ ತನ್ನ ಮೈತೂಕದ ಹತ್ತರಲ್ಲಿ ಒಂದು ಪಾಲು, ಎಂದರೆ 80 ಕಿಲೋದಷ್ಟು. ಜಲ್ಲಿ ಹಾಕಿ ಗಟ್ಟಿಮಾಡಿದ ಸಪಾಟು ರಸ್ತೆಯಲ್ಲಿ ಗಾಲಿ ಒಡ್ಡುವ ತಡೆ ಒಟ್ಟು ತೂಕದ ಮೂವತ್ತರಲ್ಲಿ ಒಂದು ಪಾಲು ಎಂದುಕೊಂಡರೆ, ಗಾಡಿಯೂ ಸೇರಿ 2,400 ಕಿಲೋ ಎಳೆಯಬಹುದು. ರಸ್ತೆ ಇಪ್ಪತ್ತು ಮಾರಿಗೆ ಒಂದು ಮಾರು ಏರತೊಡಗಿದರೆ ಅದೇ ಜೋಡಿಗೆ 960 ಕಿಲೋ ಸಾಕಾಗುತ್ತದೆ. ಹತ್ತು ಮಾರಿಗೆ ಒಂದು ಮಾರು ಏರಿದರೆ 600 ಕಿಲೋ ಮಾತ್ರ. ಅದರಲ್ಲಿ ಗಾಡಿಯ ತೂಕವೇ 350 ಕಿಲೋ. ಬಯಲಿನಲ್ಲಿ ಎರಡು ಟನ್ ಹೇರಿದ ಗಾಡಿಕಾರ ಘಟ್ಟದಲ್ಲಿ ಆರು ನೂರು ಕಿಲೋಗೆ, ಇನ್ನೂ ಕಡಿದಾದಲ್ಲಿ ಕಾಲು ಟನ್ನಿಗೆ ಇಳಿಯಬೇಕು. ಬಾಂಬೆಯ ಹತ್ತಿ ಖಂಡಿ 784 ಪೌಂಡು, ಈಗಿನ ಲೆಕ್ಕದಲ್ಲಿ ಸುಮಾರು 356 ಕಿಲೋ. ಘಟ್ಟದ ಗಾಡಿಗೆ ಎರಡು ಖಂಡಿಯೂ ಹೆಚ್ಚೇ.

ಇದು ಏರುವ ಲೆಕ್ಕ. ಹತ್ತಿ ಇಳಿಯುತ್ತಿತ್ತಲ್ಲ ಎಂದು ಕೇಳಬಹುದು. ಕಷ್ಟ ಇರುವುದೇ ಅಲ್ಲಿ. ಹತ್ತಕ್ಕೆ ಒಂದರ ಇಳಿಜಾರಿನಲ್ಲಿ 2,400 ಕಿಲೋ ಗಾಡಿ ಗಾಲಿಯ ತಡೆಯನ್ನು ಮೀರಿ 160 ಕಿಲೋ ಬಲದಿಂದ ಎತ್ತುಗಳನ್ನು ಹಿಂದಿನಿಂದ ನೂಕುತ್ತದೆ. ಕುದುರೆಗಾಡಿಯಲ್ಲಿ ಹಿಂದೊತ್ತಿ ನಿಲ್ಲಲು ಕುದುರೆಯ ತೊಡೆಯ ಸುತ್ತ ಪಟ್ಟಿ ಇರುತ್ತದೆ. ನಮ್ಮ ನೊಗಕ್ಕೆ ಅಂಥ ಪಟ್ಟಿಯಿಲ್ಲ. ಗಾಡಿ ಮುನ್ನುಗ್ಗಿದಾಗ ನೊಗ ಹಿಣಿಲು ಬಿಟ್ಟು ಕೊಂಬಿನ ಬುಡಕ್ಕೆ ಜಾರುತ್ತದೆ, ಎತ್ತು ತಲೆ ಎತ್ತಿ ಕಾಲೂರಲು ಹೆಣಗುತ್ತದೆ. ಒಂದು ಎತ್ತು ಮುಗ್ಗರಿಸಿದರೆ ಗಾಡಿ ಎರಡರ ಮೇಲೂ ಬೀಳುತ್ತದೆ. ಗಾಡಿಕಾರರು ಕಂಡುಕೊಂಡಿದ್ದ ಉಪಾಯಗಳು ಸರಳವಾದವು: ಗಾಲಿಗೆ ಸರಪಳಿ ಅಥವಾ ಹಗ್ಗ ಬಿಗಿದು ತಿರುಗದಂತೆ ಮಾಡಿ ಎಳೆಸುವುದು, ಹಿಂದೆ ಮರದ ದಿಮ್ಮಿ ಕಟ್ಟಿ ನೆಲಕ್ಕೆ ಉಜ್ಜಿಸುವುದು, ಸಾಲುಗಾಡಿಯಾಗಿ ಹೋಗಿ ಒಬ್ಬರ ಗಾಡಿಗೆ ಇನ್ನೊಬ್ಬರು ಹಿಂದಿನಿಂದ ಹಗ್ಗ ಹಿಡಿಯುವುದು. ರಸ್ತೆಗೆ ಇವೆಲ್ಲ ಕೇಡು. ತಿರುಗದ ಗಾಲಿಯ ಕಬ್ಬಿಣದ ಪಟ್ಟಿ ಜಲ್ಲಿಯನ್ನು ಕಿತ್ತು ಹಾಕುತ್ತದೆ. ಜೀವ ಉಳಿಸಿಕೊಳ್ಳುವವನಿಗೆ ರಸ್ತೆಯ ಚಿಂತೆ ಎಲ್ಲಿ?

ಹೇರುವ ಜಾಣ್ಮೆಯೂ ಒಂದಿತ್ತು. ಮುಂಭಾರವಾದರೆ ನೊಗ ಎತ್ತಿನ ಹೆಗಲು ಮುರಿಯುತ್ತದೆ. ಹಿಂಭಾರವಾದರೆ ಮೂಕಿ ಮೇಲೆದ್ದು ಕೊರಳ ಕಣ್ಣಿ ಉಸಿರು ಕಟ್ಟಿಸುತ್ತದೆ. ಅಚ್ಚಿಗಿಂತ ತುಸು ಮುಂದಕ್ಕೆ ತೂಕ ಬೀಳುವಂತೆ ಮೂಟೆ ಜೋಡಿಸಬೇಕು, ಇಳಿಯುವಾಗ ಅದನ್ನು ಕೊಂಚ ಹಿಂದಕ್ಕೆ ಸರಿಸಬೇಕು. ಇದನ್ನು ಯಾವ ಶಾಲೆಯಲ್ಲೂ ಕಲಿಸಲಿಲ್ಲ. ಈ ಅರಿವನ್ನು ಯಾರೂ ಬರೆದಿಡದೆ ಹೋದದ್ದು ನಮ್ಮ ಸಾಮಾಜಿಕ ಇತಿಹಾಸಕ್ಕೆ ಆದ ನಷ್ಟ.

ಆ ಅರಿವು ಹಳತಾಗಿಲ್ಲ. ಅಮೆರಿಕದ ಹೆದ್ದಾರಿಗಳಲ್ಲಿ ಮಲಗುವ ಕೋಣೆ, ಅಡಿಗೆಮನೆ ಸಮೇತ ಓಡುವ ಪೆಟ್ರೋಲ್ ಎಂಜಿನ್ನಿನ ಮನೆಗಾಡಿಗಳಿಗೆ, ಅವುಗಳ ಹಿಂದೆ ಇನ್ನೊಂದು ಕಾರನ್ನು ಕಟ್ಟಿಕೊಂಡು ಹೋಗುವವರಿಗೆ ಎದುರಾಗುವುದೂ ಅಪಾಯವಿಲ್ಲದೆ ಎಷ್ಟು ಭಾರ ಎಳೆಯಬಹುದು ಎಂಬ ಇದೇ ಪ್ರಶ್ನೆ. ಅಂಥ ಹಲವು ಗಾಡಿಗಳ ಕೊಕ್ಕೆಯ ಮೇಲೆ 5,000 ಪೌಂಡು, ಎಂದರೆ 2,268 ಕಿಲೋ ಎಂದು ಬರೆದಿರುತ್ತದೆ. ಅದನ್ನೇ ನಂಬಿ ಕಟ್ಟಿದವರು ಕೆಡುತ್ತಾರೆ. ಹೇರು ತುಂಬಿದ ಗಾಡಿಗೆ 22,000 ಪೌಂಡಿನ ಮಿತಿ, ಗಾಡಿ ಮತ್ತು ಎಳೆಭಾರ ಎರಡಕ್ಕೂ ಸೇರಿ 26,000 ಪೌಂಡಿನ ಮಿತಿ ಇದ್ದರೆ, ಗಾಡಿ ಪೂರ್ತಿ ತುಂಬಿದಾಗ ಹಿಂದೆ ಕಟ್ಟಲು ಉಳಿಯುವುದು 4,000 ಪೌಂಡು, ಕೊಕ್ಕೆ ಏನೇ ಹೇಳಲಿ. ಎಳೆಯುವ ಗಾಡಿಯ ಕೊಕ್ಕೆಯ ಮೇಲೆ ಹಿಂಗಾಡಿಯ ತೂಕದ ಶೇಕಡಾ 10ರಿಂದ 15ರಷ್ಟು ಒತ್ತು ಬೀಳಬೇಕು ಎಂಬ ಅಲ್ಲಿನ ನಿಯಮ ನಮ್ಮ ಮುಂಭಾರ ಹಿಂಭಾರದ ವಿಚಾರವೇ. ಯುರೋಪಿನಲ್ಲಿ 750 ಕಿಲೋ ಮೀರಿದ ಹಿಂಗಾಡಿಗೆ ಅದರದೇ ಬ್ರೇಕು ಇರಬೇಕೆಂಬ ಕಟ್ಟಳೆಯಿದೆ. ಎಂಜಿನ್ ಎಷ್ಟೇ ಬಲವಾಗಿರಲಿ, ನಿಲ್ಲಿಸಲಾಗದ ಭಾರವನ್ನು ಎಳೆಯಬಾರದು ಎಂಬುದನ್ನು ಕಾನೂನು ಅಲ್ಲಿ ಒಪ್ಪಿಕೊಂಡಿದೆ.

ಮತ್ತೆ ಹತ್ತಿಯ ದಾರಿಗೆ ಬರೋಣ. ಕುಮಟಾದ ಭಾಗ್ಯ ತೆರೆದದ್ದು 1861ರಲ್ಲಿ. ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿ, ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿದ್ದು, ಮ್ಯಾಂಚೆಸ್ಟರಿನ ಗಿರಣಿಗಳು ಹತ್ತಿಯಿಲ್ಲದೆ ನಿಂತವು. ಧಾರವಾಡದ ಹತ್ತಿಗೆ ಬೇಡಿಕೆ ಏರಿತು. ಮ್ಯಾಂಚೆಸ್ಟರಿನವರಿಗೆ ಕುಮಟಾಕ್ಕಿಂತ ಕಾರವಾರದ ಕೊಲ್ಲಿ ಮೆಚ್ಚುಗೆಯಾಗಿತ್ತು, ಅಲ್ಲಿ ದೊಡ್ಡ ಹಡಗು ನಿಲ್ಲಬಹುದು. ಮ್ಯಾಂಚೆಸ್ಟರ್ ಕಾಟನ್ ಕಂಪನಿ 1862ರಲ್ಲಿ ಕಾರವಾರದ ಬಳಿಯ ಸದಾಶಿವಗಡಕ್ಕೆ ಯಂತ್ರಗಳನ್ನೂ ತನ್ನ ಪ್ರತಿನಿಧಿ ಹೇವುಡ್ ಅವರನ್ನೂ ಕಳಿಸಿತು. ಆದರೆ ಅಲ್ಲಿಗೆ ಇಳಿಯುವ ಘಟ್ಟದ ರಸ್ತೆ ಮುಗಿದಿರಲಿಲ್ಲ. ಕೆಲವೇ ವರ್ಷಗಳಲ್ಲಿ ಕಂಪನಿಯೇ ಮುಚ್ಚಿತು. ಕಾರವಾರದ ಕೊಲ್ಲಿ ಎಷ್ಟು ಆಳವಿದ್ದರೇನು, ಅದರ ಹಿಂದಿನ ಏರನ್ನು ಗಾಡಿ ದಾಟಬೇಕು. ಆಳವಿಲ್ಲದ ಕುಮಟಾಕ್ಕೆ ಗಾಡಿಗಳು ಬರುತ್ತಲೇ ಇದ್ದವು. ದೇವಿಮನೆ ಘಟ್ಟ ಇಳಿದ ಅಂಡಿಗೆಗಳು ಸಣ್ಣ ದೋಣಿಯೇರಿ, ದೂರ ನಿಂತ ಹಡಗು ಸೇರಿ, ಬಾಂಬೆಗೆ ಹೋಗುತ್ತಿದ್ದವು.

ಯುದ್ಧ 1865ರಲ್ಲಿ ಮುಗಿಯಿತು, ಬೆಲೆ ಕುಸಿಯಿತು. ಕುಮಟಾಕ್ಕೆ ನಿಜವಾದ ಪೆಟ್ಟು ಬಿದ್ದದ್ದು ಆಗಲ್ಲ, ಇಪ್ಪತ್ತು ವರ್ಷಗಳ ನಂತರ. ಹುಬ್ಬಳ್ಳಿ ಧಾರವಾಡವನ್ನು ಮುಟ್ಟಿದ ಸದರ್ನ್ ಮರಾಠಾ ರೈಲು, ಕ್ಯಾಸಲ್‌ರಾಕ್‌ನಿಂದ ಮರ್ಮಗೋವೆಗೆ ಇಳಿಯುವ ಗೋವೆಯ ರೈಲಿಗೆ 1888ರ ಹೊತ್ತಿಗೆ ಕೂಡಿಕೊಂಡಿತು. ಬ್ರಗಾಂಝಾ ಘಟ್ಟದಲ್ಲಿ ಆ ಹಳಿ 37 ಅಡಿಗೆ ಒಂದು ಅಡಿ ಇಳಿಯುತ್ತದೆ. ರೈಲಿನ ಲೆಕ್ಕದಲ್ಲಿ ಅದು ಭಯಂಕರ ಕಡಿದು, ಇಂದಿಗೂ ಹೆಚ್ಚುವರಿ ಎಂಜಿನ್ ಕಟ್ಟಿಯೇ ಗಾಡಿ ಹತ್ತಿಸಬೇಕು. ಆದರೂ ಎತ್ತಿನ ಗಾಡಿಯ ದಾರಿಗೆ ಅದರೊಡನೆ ಪೈಪೋಟಿ ಸಾಧ್ಯವಿರಲಿಲ್ಲ. ಹತ್ತಿ ಮರ್ಮಗೋವೆಗೆ ತಿರುಗಿತು. ಕುಮಟಾದಲ್ಲಿ ಹೆಸರು ಉಳಿಯಿತು.

ಆಮೇಲೆ ಈ ಮೂರೂ ಊರುಗಳಿಗೆ ಮೇಲಿನಿಂದ ರೈಲು ಇಳಿಯಲೇ ಇಲ್ಲ. ಶಿವಮೊಗ್ಗದ ಹಳಿ 1940ರ ಹೊತ್ತಿಗೆ ತಾಳಗುಪ್ಪ ತಲುಪಿ ಘಟ್ಟದ ಅಂಚಿನಲ್ಲಿ ನಿಂತಿತು. ಅಲ್ಲಿಂದ ಹೊನ್ನಾವರ ಇಂದಿಗೂ ರಸ್ತೆಯ ದಾರಿಯೇ. ಹುಬ್ಬಳ್ಳಿ–ಅಂಕೋಲಾ ಮಾರ್ಗ ಎರಡು ದಶಕಕ್ಕೂ ಮಿಕ್ಕಿ ಕಾಡು ಮತ್ತು ಕಾನೂನಿನ ನಡುವೆ ಸಿಕ್ಕಿಕೊಂಡಿದೆ. ಕರಾವಳಿಗುಂಟ ಬಂದದ್ದು ಕೊಂಕಣ ರೈಲ್ವೆ. ಇ. ಶ್ರೀಧರನ್ ಅವರ ನೇತೃತ್ವದಲ್ಲಿ 1990ರಲ್ಲಿ ಆರಂಭವಾದ ನಿಗಮ 1998ರ ಜನವರಿ 26ರಿಂದ ಪೂರ್ತಿ ಮಾರ್ಗದಲ್ಲಿ ಗಾಡಿ ಓಡಿಸಿತು. ಹೊನ್ನಾವರದಲ್ಲಿ ಶರಾವತಿಯ ಮೇಲಿನ ಅದರ ಸೇತುವೆ ಎರಡು ಕಿಲೋಮೀಟರಿಗೂ ಉದ್ದ, ಇಡೀ ಮಾರ್ಗದಲ್ಲೇ ದೊಡ್ಡದು. ಬೆಟ್ಟ ಕೊರೆದು ಕಣಿವೆ ಕಟ್ಟಿ ಆ ಮಾರ್ಗದ ಏರನ್ನು 150ಕ್ಕೆ ಒಂದರ ಮಿತಿಯಲ್ಲಿ ಇಟ್ಟರು. ಅದರ ಫಲ ಬಹುಬೇಗ ಕಂಡಿತು. 1999ರ ಜನವರಿಯಲ್ಲಿ ಮಹಾರಾಷ್ಟ್ರದ ಕೋಲಾಡ್ ಮತ್ತು ಗೋವೆಯ ವೆರ್ಣಾ ನಡುವೆ ಶುರುವಾದ ರೋ-ರೋ ಸೇವೆ 2004ರಲ್ಲಿ ಸುರತ್ಕಲ್‌ವರೆಗೆ ಬೆಳೆಯಿತು. ತುಂಬಿದ ಲಾರಿಗಳೇ ಸಾಲಾಗಿ ರೈಲಿನ ಬೆನ್ನೇರಿ ಕುಮಟಾ, ಹೊನ್ನಾವರ, ಭಟ್ಕಳ ದಾಟುತ್ತವೆ. ಭಾರ ಹೊರುವ ಗಾಡಿಯನ್ನೇ ಭಾರವಾಗಿ ಹೊತ್ತು ಸಾಗುವ ಈ ಏರ್ಪಾಡು ನಿಜಕ್ಕೂ ಹೆಮ್ಮೆಪಡುವಂಥದ್ದು.

ಘಟ್ಟದ ರಸ್ತೆಗಳ ಕಥೆ ಅಷ್ಟು ಸಂತೋಷದ್ದಲ್ಲ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಲಾರಿಗಳ ತೂಕದ ಮಿತಿ ಏರಿಸಿತು. ನಾಲ್ಕು ಟಯರಿನ ಹಿಂದಿನ ಅಚ್ಚಿಗೆ 10.2 ಟನ್ ಇದ್ದದ್ದು 11.5 ಆಯಿತು. ಮೂರು ಅಚ್ಚಿನ ಲಾರಿ ಹೇರು ಸೇರಿ 25 ಟನ್ ಇದ್ದದ್ದು 28.5 ಆಯಿತು. ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ ನಡೆದ ದೊಡ್ಡ ರಸ್ತೆ ಪರೀಕ್ಷೆಯ ನಂತರ ಎಂಜಿನಿಯರುಗಳು ಒಪ್ಪಿಕೊಂಡ ಸೂತ್ರವೊಂದಿದೆ: ಅಚ್ಚಿನ ಭಾರ ಹೆಚ್ಚಿದಂತೆ ರಸ್ತೆಯ ಸವೆತ ಸುಮಾರು ಅದರ ನಾಲ್ಕನೆಯ ಘಾತದಲ್ಲಿ ಹೆಚ್ಚುತ್ತದೆ. ಆ ಸೂತ್ರದ ಪ್ರಕಾರ ಅಚ್ಚಿಗೆ 1.3 ಟನ್ ಹೆಚ್ಚಾದರೆ ಸವೆತ ಶೇಕಡಾ 60ರಷ್ಟು ಹೆಚ್ಚುತ್ತದೆ. ಇದು ಕಾನೂನಿನ ಒಳಗಿನ ಭಾರ. ಕಾನೂನು ಮೀರಿದ ಭಾರ ಏನು ಮಾಡಬಲ್ಲುದೆಂದು ಕುಮಟಾದ ಉತ್ತರಕ್ಕಿರುವ ಬೇಲೆಕೇರಿ ತೋರಿಸಿತು. ಬಳ್ಳಾರಿ ಸೀಮೆಯ ಕಬ್ಬಿಣದ ಅದಿರು ಲಾರಿ ಲಾರಿಯಾಗಿ ಅರಬೈಲು ಘಟ್ಟ ಇಳಿದು ಆ ಬಂದರು ಸೇರಿದ ಕಾಲದಲ್ಲಿ, ಮಿತಿಮೀರಿದ ಹೇರೇ ಅಕ್ರಮದ ಒಂದು ದಾರಿಯಾಗಿತ್ತು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರು ಕೊಟ್ಟ ವರದಿಯಲ್ಲಿ ಅದು ದಾಖಲಾಗಿದೆ.

ಇಳಿಜಾರಿನ ಶಾಸ್ತ್ರ ಎತ್ತಿನ ಕಾಲದಿಂದ ಬದಲಾಗಿಲ್ಲ. 28.5 ಟನ್ ಲಾರಿ ಶಿರಸಿಯ ಎತ್ತರದಿಂದ ಕುಮಟಾಕ್ಕೋ, ಜೋಗದ ಬದಿಯಿಂದ ಗೇರುಸೊಪ್ಪೆಗೋ 600 ಮೀಟರ್ ಇಳಿದರೆ, ಆ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿ 500 ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಸಲು ಸಾಕು. ಚಾಲಕ ಕೆಳಗಿನ ಗೇರಿನಲ್ಲಿ ಇಳಿದರೆ ಅದರಲ್ಲಿ ಹೆಚ್ಚಿನ ಪಾಲನ್ನು ಎಂಜಿನ್ ನುಂಗಿಕೊಳ್ಳುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿದರೆ ಅಷ್ಟೂ ಶಾಖ ಬ್ರೇಕಿನ ಮೇಲೆ ಬೀಳುತ್ತದೆ, ಬ್ರೇಕು ಕಾದು ಹಿಡಿತ ಬಿಡುತ್ತದೆ. ಹೇರು ಹೆಚ್ಚಾದಷ್ಟೂ ಶಾಖ ಹೆಚ್ಚು. ಹಿಂದಿನವರು ದಿಮ್ಮಿ ಕಟ್ಟಿ ನೆಲಕ್ಕೆ ಉಜ್ಜಿಸಿದ್ದು ಇದೇ ಶಕ್ತಿಯನ್ನು ಕಳೆಯಲು.

2019ರ ತಿದ್ದುಪಡಿಯ ನಂತರ ಮಿತಿಮೀರಿ ಹೇರಿದರೆ 20,000 ರೂಪಾಯಿ ದಂಡ, ಹೆಚ್ಚುವರಿ ಟನ್ನಿಗೆ ಮತ್ತೆ 2,000. ಕಾನೂನು ಸಾಕಷ್ಟು ಕಟುವಾಗಿಯೇ ಇದೆ. ಆದರೆ ಮಿತಿ ಬಯಲಿಗೂ ಘಟ್ಟಕ್ಕೂ ಒಂದೇ. ಬಯಲಿನ ಹೇರು ಘಟ್ಟದ ಹೇರಲ್ಲ ಎಂದು ಹತ್ತಿಯ ಗಾಡಿಕಾರನಿಗೆ ಗೊತ್ತಿದ್ದದ್ದು ನಮ್ಮ ನಿಯಮಕ್ಕೆ ಗೊತ್ತಿಲ್ಲ. ದೇವಿಮನೆ, ಗೇರುಸೊಪ್ಪೆ, ಅರಬೈಲು, ಭಟ್ಕಳದ ಹಿಂದಿನ ಕೋಗಾರು ಈ ನಾಲ್ಕೂ ಘಟ್ಟಗಳ ತಲೆಯಲ್ಲಿ, ಇಳಿತ ಶುರುವಾಗುವ ಮೊದಲೇ, ತೂಕದ ಕಟ್ಟೆಯನ್ನೂ ಬ್ರೇಕು ಆರಿಸಿಕೊಳ್ಳುವ ನಿಲುಗಡೆಯನ್ನೂ ಸರ್ಕಾರ ಕಟ್ಟಲಿ, ಆ ಇಳಿಜಾರಿಗೆ ತಕ್ಕ ಮಿತಿಯನ್ನು ಅಲ್ಲೇ ಬರೆಸಲಿ. ಕುಮಟಾ, ಹೊನ್ನಾವರ, ಭಟ್ಕಳದ ಜನಪ್ರತಿನಿಧಿಗಳು ಮುಂದಿನ ಮಳೆಗಾಲಕ್ಕೆ ಮುಂಚೆ ಇದನ್ನು ಕೇಳಬೇಕು.